ಕನ್ನಡ ಮೇಜಿನ ಐದನೆಯ ದನಿ

ಟೈಲ್ಸ್ ಹಾಕಿ ಮುಗಿಸಿದ ಮೇಲೆ ಅಮರಯ್ಯ ಮೊಣಕಾಲೂರಿ ಕುಳಿತು, ಕರಣಿಯ ಹಿಡಿಕೆಯಿಂದ ಒಂದೊಂದನ್ನೇ ಬಡಿದು ನೋಡುತ್ತಿದ್ದ. ಕೆಳಗೆ ಸಿಮೆಂಟು ಸರಿಯಾಗಿ ತುಂಬಿದ್ದರೆ ಸಪ್ಪಳ ಅಲ್ಲೇ ಸಾಯುತ್ತದೆ. ಪೊಳ್ಳಿದ್ದರೆ ಅರೆಕ್ಷಣ ಉಳಿಯುತ್ತದೆ. ಆ ಅರೆಕ್ಷಣವನ್ನು ಕೇಳುವ ಕಿವಿ ಅವನದು. ಬೇರೆ ಗೌಂಡಿಗಳು ಹಾಕಿದ ನೆಲವನ್ನೂ ಅವನಿಂದ ಬಡಿಸಿ ನೋಡಿಯೇ ಒಪ್ಪಿಕೊಳ್ಳುವ ಕಾಂಟ್ರಾಕ್ಟರುಗಳು ಹೈದರಾಬಾದಿನ ಮಿಯಾಪುರದಲ್ಲಿದ್ದರು.

ಮಾನ್ವಿ ಕಡೆಯ ಒಂದು ಸಣ್ಣ ಊರಿಂದ ಹತ್ತೊಂಬತ್ತನೆಯ ವಯಸ್ಸಿಗೆ ಹೈದರಾಬಾದಿಗೆ ಬಂದವನು, ಈಗ ಐವತ್ತಾರು. ಮೊದಲು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತ. ಆಮೇಲೆ ಒಬ್ಬ ದಖನಿ ಮಾತಿನ ಮೇಸ್ತ್ರಿಯ ಕೈಕೆಳಗೆ ರಸಮಟ್ಟ ಹಿಡಿಯುವುದನ್ನು ಕಲಿತ. ಕೆಲಸದ ಜಾಗದಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಎರಡು ಖೋಲಿಯ ಮನೆಯಲ್ಲಿ ಹೆಂಡತಿ ಗುರುಬಾಯಿಯ ಜೊತೆ ಕನ್ನಡ. ನೂರಾರು ಮನೆಗಳ ನೆಲ ಅವನ ಕೈಯಿಂದ ಆಗಿತ್ತು. ಆದರೆ ಒಂದು ಮನೆಯಲ್ಲೂ ಅವನು ಕುರ್ಚಿಯ ಮೇಲೆ ಕುಳಿತಿರಲಿಲ್ಲ. ನೆಲ ಒಣಗುವ ಹೊತ್ತಿಗೆ ಗೌಂಡಿ ಹೊರಗಿರಬೇಕು, ಅದೇ ರೂಢಿ.

ಒಂದು ಜನವರಿಯಲ್ಲಿ ಅವನಿಗೆ ಅಮೀರ್‌ಪೇಟ್‌ನ ಹಳೆಯ ಬಂಗಲೆಯೊಂದರ ಕೆಲಸ ಸಿಕ್ಕಿತು. ಸುತ್ತ ಕೋಚಿಂಗ್ ಸೆಂಟರು, ಹಾಸ್ಟೆಲ್ಲುಗಳೆದ್ದು ಬಂಗಲೆ ಅವುಗಳ ನಡುವೆ ಕುಗ್ಗಿ ಕುಳಿತಿತ್ತು. ಅದರ ಯಜಮಾನ ಹಿತ್ತಲಿನ ಅಂಗಳಕ್ಕೆ ಛಾವಣಿ ಹಾಕಿಸಿ, ಮುಂದಿನ ಕೋಣೆಗಳ ಗೋಡೆ ತೆಗೆಸಿ, ಎಲ್ಲವನ್ನೂ ಒಂದು ದೊಡ್ಡ ಹಾಲ್ ಮಾಡಿಸುತ್ತಿದ್ದ. ಅಂಗಳದ ನಡುವೆ ಕಲ್ಲು ಕಟ್ಟಿದ ಒಂದು ಬಾವಿಯಿತ್ತು. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು.

ಎಷ್ಟು ಆಳವಿದೆ ನೋಡಲು ಅಮರಯ್ಯ ಒಬ್ಬನೇ ಇಳಿದ. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಆರು ಮೆಟ್ಟಿಲು ಗಟ್ಟಿಯಾಗಿದ್ದವು. ಏಳನೆಯದಕ್ಕೆಂದು ಇಟ್ಟ ಕಾಲು ಗಾಳಿಯಲ್ಲೇ ಉಳಿಯಿತು. ಆ ಕಲ್ಲು ಬುಡಕ್ಕೇ ಮುರಿದಿತ್ತು. ಎರಡೂ ಕೈಯಿಂದ ಮೇಲಿನ ಕಲ್ಲು ತಬ್ಬಿ ಹಿಡಿದು ಮೇಲೆ ಬಂದ. ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಆಗಿರಲಿಲ್ಲ.

ಬಾವಿಯನ್ನು ತುಂಬಬೇಕಾದರೆ ಪದರ ಪದರವಾಗಿ ಮಣ್ಣು ಹಾಕಿ, ನೀರು ಬಿಟ್ಟು, ದಮ್ಮಸು ಮಾಡಬೇಕು. ಹದಿನೈದು ದಿನದ ಕೆಲಸ. ಯಜಮಾನನಿಗೆ ಅವಸರ. ಮುಂದಿನ ಕೋಣೆಗಳ ಒಡೆದ ಇಟ್ಟಿಗೆ, ಗಾರೆಯ ಹೆಂಟೆಗಳನ್ನೇ ಒಂದು ದಿನದಲ್ಲಿ ಸುರಿಸಿದ, ಮೇಲೆ ಅಮರಯ್ಯನ ಕೈಯಿಂದಲೇ ತೆಳುವಾದ ಸ್ಲ್ಯಾಬ್ ಹಾಕಿಸಿದ. ಅದರ ಮೇಲೆ ಅಮರಯ್ಯ ಟೈಲ್ಸ್ ಕೂರಿಸಿದ. "ಇಲ್ಲಿ ಬಾವಿ ಇತ್ತು ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ, ಬಾಡಿಗೆಗೆ ಯಾರೂ ಬರೋದಿಲ್ಲ" ಎಂದು ಯಜಮಾನ ತೆಲುಗಿನಲ್ಲಿ ಹೇಳಿದಾಗ ಅಮರಯ್ಯ ತಲೆಯಾಡಿಸಿದ.

ಮಾರ್ಚಿನಲ್ಲಿ ಆ ಹಾಲ್‌ಗೆ ಸಪ್ನಾ ಬಂದಳು. ಬೀದರದಿಂದ ಬಂದು ನೆಲೆಸಿದ ವ್ಯಾಪಾರಸ್ಥರ ಮನೆತನದ ಹೆಣ್ಣುಮಗಳು, ಮೂವತ್ತೆರಡು ವಯಸ್ಸು. ಅವಳು ಇಟ್ಟದ್ದು ಆಟದ ಅಂಗಡಿ. ಗೋಡೆಯ ತುಂಬ ಆಟದ ಡಬ್ಬಿಗಳು, ನಡುವೆ ಉದ್ದನೆಯ ಐದು ಮೇಜುಗಳು. ಬೇಕಾದವರು ಕೊಂಡುಕೊಂಡು ಹೋಗಬಹುದು. ಅಲ್ಲೇ ಕುಳಿತು ಅಪರಿಚಿತರ ಜೊತೆ ಆಡಲೂಬಹುದು. ಹೆಚ್ಚಿನವರು ಬರುತ್ತಿದ್ದದ್ದು ಕತೆಯ ಆಟಕ್ಕೆ. ಒಬ್ಬರು ಕತೆ ಹೇಳುತ್ತಾರೆ. ಉಳಿದವರು ಆ ಕತೆಯೊಳಗಿನ ಒಂದೊಂದು ಪಾತ್ರವಾಗಿ, ಈಗ ನಾನು ಹೀಗೆ ಮಾಡುತ್ತೇನೆ, ಹೀಗೆ ಅನ್ನುತ್ತೇನೆ ಎನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಗೆದ್ದವರು, ಸೋತವರು ಎಂದು ಇರುವುದಿಲ್ಲ. ಕತೆ ವಾರದಿಂದ ವಾರಕ್ಕೆ ಬೆಳೆಯುತ್ತ ಹೋಗುತ್ತದೆ.

ತೆಲುಗಿನ ಮೇಜು, ಹಿಂದಿಯ ಮೇಜು, ಇಂಗ್ಲಿಷಿನ ಮೇಜು ಎಲ್ಲ ಇದ್ದವು. ಭಾನುವಾರ ಮೂರು ಗಂಟೆಗೆ ಹಾಲ್‌ನ ಹಿಂಬದಿಯಲ್ಲಿ ಕನ್ನಡದ ಮೇಜು ಕೂಡುತ್ತಿತ್ತು. ಕತೆ ಹೇಳುವವನು ಕಲಬುರಗಿಯ ಶ್ರೀಹರ್ಷ, ಓಣಿಯ ತುದಿಯ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುವವನು. ಆಡುವವರು ಸಪ್ನಾ ಮತ್ತು ಮಿಯಾಪುರದಲ್ಲಿ ಬ್ಯಾಂಕ್ ನೌಕರಿಯ ಶಾಂಭವಿ. ಶಾಂಭವಿಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಕತೆಯಲ್ಲಿ ಯಾರು ಏನೆಂದರೆಂಬುದನ್ನು ಹೆಸರು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಜುಲೈಯಲ್ಲಿ ಸಪ್ನಾ ಯಜಮಾನನಿಂದ ನಂಬರು ಪಡೆದು ಅಮರಯ್ಯನಿಗೆ ಫೋನ್ ಮಾಡಿದಳು. "ಕಾಕಾ, ಹಿಂದಿನ ಮೇಜಿನ ಕೆಳಗ ಒಂದು ಟೈಲ್ ಅಲಗಾಡಾಕತ್ತದ. ಭಾನುವಾರ ಬಂದು ನೋಡ್ತೀರೇನು?"

ಬಂದ. ಟೈಲ್ ಕಿತ್ತು, ಹೊಸದಾಗಿ ಸಿಮೆಂಟು ಹಾಕಿ ಕೂರಿಸಿದ. ಕೈ ಒರೆಸಿಕೊಳ್ಳುವಾಗ ಪಕ್ಕಕ್ಕೆ ಸರಿಸಿದ್ದ ಮೇಜಿನಿಂದ ತನ್ನ ಕಡೆಯ ಮಾತು ಕೇಳಿ ಅಲ್ಲೇ ನಿಂತ. ಶ್ರೀಹರ್ಷನ ಕತೆಯಲ್ಲಿ ಒಂದು ಹಳೆಯ ಕೋಟೆ. ಅದರೊಳಗೆ ದಾರಿ ಸಿಗದೆ ಇಬ್ಬರು ಹೆಣ್ಣುಮಕ್ಕಳೂ ಒಂದು ಗೋಡೆಯ ಮುಂದೆ ಸಿಕ್ಕಿಬಿದ್ದಿದ್ದರು.

"ಗ್ವಾಡಿ ಬಡದು ನೋಡ್ರಿ" ಎಂದ ಅಮರಯ್ಯ, ಯಾರೂ ಕೇಳದಿದ್ದರೂ. "ಹಿಂದ ಪೊಳ್ಳಿದ್ರ ಸಪ್ಪಳ ಬ್ಯಾರೆ ಬರತೈತಿ."

ಮೂವರೂ ತಿರುಗಿ ನೋಡಿದರು. ಶ್ರೀಹರ್ಷ ನಕ್ಕು ಒಂದು ಕುರ್ಚಿ ಎಳೆದ. "ಬರ್ರಿ ಕಾಕಾ, ಕೂಡ್ರಿ. ನೀವ ಬಡೀರಿ." ಕೈಗೆ ದಾಳ ಕೊಟ್ಟ. ಹದಿನೆಂಟು ಬಿತ್ತು. ಗೋಡೆಯ ಹಿಂದೆ ಬಾಗಿಲಿತ್ತು.

ಪಾತ್ರ ಯಾವುದು ಬೇಕೆಂದು ಕೇಳಿದಾಗ, ಸೈನಿಕ, ಮಂತ್ರವಾದಿ, ಕಳ್ಳ ಎಂದೆಲ್ಲ ಹೆಸರಿಸಿದರೂ ಅವನು "ಗೌಂಡಿನ ಇರ್ಲಿ" ಎಂದ. ಅಂದಿನಿಂದ ಭಾನುವಾರ ತಪ್ಪಿಸಲಿಲ್ಲ. ಬಿಳಿ ಅಂಗಿ ತೊಟ್ಟು ಮೆಟ್ರೊ ಹತ್ತುವ ಗಂಡನನ್ನು ನೋಡಿ ಗುರುಬಾಯಿ "ಮದುವಿಗೆ ಹೊಂಟಂಗ ಹೊಂಟೀರಿ" ಅನ್ನುತ್ತಿದ್ದಳು. ತಾನೇ ಹಾಕಿದ ನೆಲದ ಮೇಲೆ, ಕುರ್ಚಿಯಲ್ಲಿ ಕುಳಿತು, ಓದಿದವರ ಸರಿಸಮ ಮಾತಾಡುವುದು ಅವನಿಗೆ ಭಾಳ ಹಿಡಿಸಿತು. ಆ ನೆಲದ ಕೆಳಗೆ ಏನಿದೆಯೆಂಬುದು ಕುಳಿತಾಗೊಮ್ಮೆ ನೆನಪಾಗುತ್ತಿತ್ತು. ಹೇಳಿದರೆ ಈ ಕುರ್ಚಿ ಹೋದೀತೆಂದು ಸುಮ್ಮನಾಗುತ್ತಿದ್ದ.

ಆಗಸ್ಟಿನಲ್ಲಿ ಮಳೆ ಜೋರಾಯಿತು. ಸೆಪ್ಟೆಂಬರಿನ ಮೊದಲ ಭಾನುವಾರ ಕತೆಯಲ್ಲಿ ಅವರೆಲ್ಲ ಕೋಟೆಯ ನಡುಮನೆಗೆ ಬಂದಿದ್ದರು. ಶ್ರೀಹರ್ಷ ಕಂಬಗಳನ್ನು, ಕತ್ತಲೆಯನ್ನು ಬಣ್ಣಿಸುತ್ತಿದ್ದ. ನಡುವೆ ಒಂದು ಮಾತು ಬಂತು: "ನೆಲದ ಕೆಳಗ ಯಾರೋ ನೀರು ಸೇದಾಕತ್ತಾರ."

ಕತೆಗೆ ಒಪ್ಪುವ ಮಾತೇ. ಆಟ ಮುಂದುವರಿಯಿತು.

ಮುಂದಿನ ವಾರ ಅದೇ ನಡುಮನೆ. ಸಪ್ನಾಳ ಪಾತ್ರ ಕೆಳಗಿಳಿಯುವ ದಾರಿ ಹುಡುಕುತ್ತಿತ್ತು. "ಆರು ಮೆಟ್ಲ ಇಳೀಬಹುದು" ಎಂಬ ಮಾತು ಮೇಜಿನ ಮೇಲೆ ಹಾದುಹೋಯಿತು. "ಏಳನೇದಿಲ್ಲ. ಅಮರಯ್ಯಗ ಗೊತ್ತೈತಿ."

ಅಮರಯ್ಯ ದಾಳವನ್ನು ಕೆಳಗಿಟ್ಟು ಮೇಜಿನಡಿಯ ಟೈಲ್ಸನ್ನು ಬಗ್ಗಿ ನೋಡಿದ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯಿಂದ ಬೆಳಕು ಬೀಳುವ ಹಾಲ್ ಅದು. ಪಕ್ಕದ ಮೇಜಿನಲ್ಲಿ ತೆಲುಗಿನವರು ಜೋರಾಗಿ ನಗುತ್ತಿದ್ದರು. ಅವನಿಗೆ ಮಾತ್ರ ಕಾಲಡಿಯಿಂದ ತಣ್ಣನೆಯ ಗಾಳಿ ಏರಿದಂತಾಯಿತು.

ಆಟ ಮುಗಿದ ಮೇಲೆ ಶ್ರೀಹರ್ಷನನ್ನು ಬಾಗಿಲ ಹತ್ತಿರ ತಡೆದ. "ಸರ್, ಆ ಮೆಟ್ಲದ ಮಾತು ನಿಮಗ ಯಾರು ಹೇಳಿದ್ರು?"

"ಯಾವ ಮೆಟ್ಲ?"

"ಏಳನೇದಿಲ್ಲ ಅಂದ್ರಲ್ಲ."

ಶ್ರೀಹರ್ಷ ಹುಬ್ಬು ಗಂಟಿಕ್ಕಿದ. "ಅದು ನೀವ ಅಂದ್ರಲ್ಲ ಕಾಕಾ? ಗೌಂಡಿ ಪಾತ್ರ, ಅವಗ ಗೊತ್ತಿರ್ತದ ಅಂತ ನಾನು ಒಪ್ಪಿಕೊಂಡೆ."

ಸಪ್ನಾ ಶಾಂಭವಿ ಅಂದದ್ದೆಂದು ತಿಳಿದಿದ್ದಳು. ಶಾಂಭವಿ ನೋಟ್‌ಬುಕ್ ತೆಗೆದಳು. ಮಾತು ಅಲ್ಲಿತ್ತು, ಅವಳದೇ ದುಂಡು ಅಕ್ಷರದಲ್ಲಿ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಎದುರು ಹೆಸರುಗಳಿದ್ದವು. ಆ ಸಾಲಿನ ಎದುರು ಜಾಗ ಖಾಲಿಯಿತ್ತು. ಹಿಂದಿನ ವಾರದ ನೀರಿನ ಮಾತಿನ ಎದುರೂ ಖಾಲಿ. "ಬರಿಯೂ ಮುಂದ ಯಾರಂದ್ರು ಅಂತ ತಿಳಿಲಿಲ್ಲೇನೋ" ಎಂದಳು. ಅವಳ ದನಿ ತಗ್ಗಿತ್ತು. ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

ಅಮರಯ್ಯ ಎರಡು ಭಾನುವಾರ ಹೋಗಲಿಲ್ಲ. ಕೆಲಸದಲ್ಲೂ ಮನಸ್ಸಿರಲಿಲ್ಲ. ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಬಡಿದ ಟೈಲೆಲ್ಲ ಪೊಳ್ಳಾಗಿ ಕೇಳಿಸಿ, ಗಟ್ಟಿಯಿದ್ದುದನ್ನೇ ಕೀಳಿಸಿ ಮೇಸ್ತ್ರಿಯಿಂದ ಬೈಸಿಕೊಂಡ. ಕೊನೆಗೆ ರೊಟ್ಟಿ ಬಡಿಯುತ್ತಿದ್ದ ಗುರುಬಾಯಿಯ ಎದುರು ಕುಳಿತು ಜನವರಿಯಿಂದ ಆದದ್ದನ್ನೆಲ್ಲ ಹೇಳಿದ.

ಅವಳು ಹೆಂಚಿನಿಂದ ಕಣ್ಣು ತೆಗೆಯದೆ ಕೇಳಿದಳು. "ಬಾವಿ ಮುಚ್ಚೂ ಮುಂದ ಗಂಗವ್ವಗ ಉಡಿ ತುಂಬಿದ್ರೇನ್ರಿ?"

"ಇಲ್ಲ. ಮಾಲಕ ಎಲ್ಲಿ ಬಿಟ್ಟ?"

"ಒಂದು ಊದಿನಕಡ್ಡಿ?"

"ಇಲ್ಲ."

ರೊಟ್ಟಿ ತಿರುವಿ ಹಾಕಿದಳು. "ಉಡಿ ತುಂಬೂದು ಆಮೇಲಿನ ಮಾತು. ಆ ನೆಲದ ಮ್ಯಾಲ ಮಂದಿ ಕುಂದರತಾರ. ನೀವು ಹಾಕಿದ ಸ್ಲ್ಯಾಬು ತಡೀತೈತೋ ಇಲ್ಲೋ ಅದನ್ನ ಹೇಳ್ರಿ."

ಅಮರಯ್ಯನಿಗೆ ಆ ಎಂಟು ತಿಂಗಳಲ್ಲಿ ತಾನು ಕೇಳಿಕೊಳ್ಳದೆ ತಪ್ಪಿಸಿದ ಪ್ರಶ್ನೆ ಅದೊಂದೇ ಎಂದು ಗೊತ್ತಿತ್ತು.

ಮುಂದಿನ ಭಾನುವಾರ ಹೋದ. ಮೊದಲು ಎಲ್ಲರೆದುರು ಆಟವಾಡುವುದು, ಆಮೇಲೆ ಸಪ್ನಾಳನ್ನು ಪಕ್ಕಕ್ಕೆ ಕರೆದು ಹೇಳುವುದು ಎಂದು ಮೆಟ್ರೊದಲ್ಲಿ ನಿಶ್ಚಯಿಸಿಕೊಂಡಿದ್ದ. ಆದರೆ ಅಂದು ಅಂಗಡಿ ಕಿಕ್ಕಿರಿದಿತ್ತು. ಯಾವುದೋ ಪಂದ್ಯವೆಂದು ಸಪ್ನಾ ಇನ್ನೂ ಎರಡು ಮೇಜು ತರಿಸಿ ಹಿಂಬದಿಗೇ ಹಾಕಿಸಿದ್ದಳು. ಇಪ್ಪತ್ತಕ್ಕೂ ಹೆಚ್ಚು ಜನ, ಕೆಲವರು ಕುಳಿತು, ಕೆಲವರು ಬೆನ್ನ ಹಿಂದೆ ನಿಂತು. ಕನ್ನಡದ ಮೇಜು ಅವರ ನಡುವೆ.

ಒಂದು ಸಂಗತಿ ಅಮರಯ್ಯನ ಕಣ್ಣಿಗೆ ಬಿತ್ತು. ಅಷ್ಟು ಜನರಿದ್ದರೂ ಅವರ ಮೇಜಿನ ಒಂದು ಬದಿಯಲ್ಲಿ, ಒಂದು ಕುರ್ಚಿಯಷ್ಟು ಜಾಗದಲ್ಲಿ, ಯಾರೂ ಕಾಲಿಡುತ್ತಿರಲಿಲ್ಲ. ಅತ್ತ ಬಂದವರು ಯಾರನ್ನೋ ದಾಟಿಕೊಂಡು ಹೋಗುವವರ ಹಾಗೆ ಮೈ ಓರೆ ಮಾಡಿ ಸರಿದು ಹೋಗುತ್ತಿದ್ದರು.

"ಗೌಂಡಿ ನಡುಮನ್ಯಾಗ ಬಂದ" ಎಂದ ಶ್ರೀಹರ್ಷ. "ಏನು ಮಾಡ್ತೀರಿ ಕಾಕಾ?"

"ನೆಲ ಬಡೀತೀನಿ."

ದಾಳ ಹಿಡಿಯಲಿಲ್ಲ. ಬಾಗಿ, ಗೆಣ್ಣಿನಿಂದ ಟೈಲ್ಸಿನ ಮೇಲೆ ಎರಡು ಸಲ ಬಡಿದ. ಸಪ್ಪಳ ಸಾಯಲಿಲ್ಲ, ಕೆಳಕ್ಕೆ ಹೋಯಿತು. ಹೋಗುತ್ತಲೇ ಇತ್ತು. ಆಮೇಲೆ ಕೆಳಗಿನಿಂದ ಅದೇ ಲಯದಲ್ಲಿ ಮೂರು ಸಲ ಬಡಿದಂತಾಯಿತು.

ತಲೆಯೆತ್ತಿದಾಗ ಶಾಂಭವಿಯ ಪೆನ್ನು ನಿಂತಿತ್ತು. ಅವಳೂ ಕೇಳಿದ್ದಳು. ಅಮರಯ್ಯ ಈ ಸಲ ಮೂವರ ಬಾಯಿಯನ್ನೂ ನೋಡುತ್ತಲೇ ಇದ್ದ. ಶ್ರೀಹರ್ಷನ ತುಟಿ ಮುಚ್ಚಿತ್ತು, ಸಪ್ನಾಳದೂ, ಶಾಂಭವಿಯದೂ. ಮುಚ್ಚಿದ ಮೂರು ಬಾಯಿಗಳ ನಡುವೆ, ಆ ಖಾಲಿ ಬದಿಯಿಂದ, ಮನೆಯ ಹಿರಿಯರು ಊಟಕ್ಕೆ ಎಬ್ಬಿಸುವಷ್ಟು ಮೆತ್ತಗೆ ಮಾತು ಬಂತು: "ಏಳ್ರಿ."

ಅಮರಯ್ಯ ಎದ್ದುಬಿಟ್ಟ. "ಯವ್ವಾ ಸಪ್ನಾ, ಎಲ್ಲಾರ್ನೂ ಎಬ್ಬಸು. ಇದರ ಬುಡಕ ಬಾವಿ ಐತಿ. ನಾನ ಮುಚ್ಚೀನಿ. ನಿನಗ ಹೇಳಿಲ್ಲ. ಗ್ವಾಡಿ ಹಿಡದು ಮುಂದ ಕಳಸು ಎಲ್ಲಾರ್ನೂ, ಒಬ್ಬೊಬ್ಬರಾಗಿ."

ಸಪ್ನಾ ಅವನ ಮುಖವನ್ನೊಮ್ಮೆ ನೋಡಿದಳು. ವಿದ್ಯುತ್ತಿನ ತೊಂದರೆಯೆಂದು ತೆಲುಗಿನಲ್ಲಿ ಹೇಳಿ ಐದೇ ನಿಮಿಷದಲ್ಲಿ ಹಾಲ್ ಖಾಲಿ ಮಾಡಿಸಿದಳು. ಎಲ್ಲರೂ ಹೊರಗೆ ಹೋದ ಮೇಲೆ ಓಣಿಯಲ್ಲಿ ನಿಂತು, ಅಮರಯ್ಯನ ಕಡೆ ತಿರುಗದೆ, "ಮೂರು ತಿಂಗಳು ನಮ್ಮ ಜೋಡಿ ಅಲ್ಲೇ ಕುಂತ್ರಿ" ಎಂದಳು.

ಮರುದಿನ ಬೆಳಿಗ್ಗೆ ಅಮರಯ್ಯ ಸುತ್ತಿಗೆ, ಚಾಣ, ಹಗ್ಗ ತಂದ. ಶಾಂಭವಿ ರಜೆ ಹಾಕಿ ಬಂದಿದ್ದಳು, ಶ್ರೀಹರ್ಷನೂ ಇದ್ದ. ಹಗ್ಗದ ಒಂದು ತುದಿಯನ್ನು ಮುಂಬಾಗಿಲ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದುಕೊಂಡು ಅಮರಯ್ಯ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅಂಚಿನ ಟೈಲೊಂದನ್ನು ಎಬ್ಬಿಸಿದ. ಕೆಳಗಿನ ಸ್ಲ್ಯಾಬಿನಲ್ಲಿ ಕೈಬೆರಳು ಹೋಗುವಷ್ಟು ಬಿರುಕು ಈ ಗೋಡೆಯಿಂದ ಆ ಗೋಡೆಯ ಕಡೆಗೆ ಓಡಿತ್ತು. ಚಾಣ ಇಟ್ಟು ಎರಡನೆಯ ಏಟು ಹಾಕಿದ್ದಷ್ಟೇ. ಒಂದು ಕಂಬಳಿಯಗಲದ ಸ್ಲ್ಯಾಬು, ಟೈಲ್ಸಿನ ಸಮೇತ, ಸದ್ದಿಲ್ಲದೆ ಒಳಗೆ ಹೋಯಿತು. ಸದ್ದು ಆಮೇಲೆ ಬಂತು. ಅದು ಇಟ್ಟಿಗೆಯ ಮೇಲೆ ಬಿದ್ದ ಸದ್ದಲ್ಲ, ನೀರಿನ ಸದ್ದು.

ಬತ್ತಿದ್ದ ಬಾವಿಗೆ ಮಳೆಗಾಲದ ಒರತೆ ಬಂದು, ಸುರಿದಿದ್ದ ಇಟ್ಟಿಗೆ, ಗಾರೆಯ ಮಲಬೆಯೆಲ್ಲ ಕರಗಿ ಕುಸಿದಿತ್ತು. ಸ್ಲ್ಯಾಬು ಯಾವುದರ ಆಸರೆಯೂ ಇಲ್ಲದೆ ನಿಂತಿತ್ತು. ಶ್ರೀಹರ್ಷ ಟಾರ್ಚು ಬಿಟ್ಟ. ಗೋಡೆಯ ಕಲ್ಲಿನ ಮೆಟ್ಟಿಲುಗಳು ಕಂಡವು. ಆರನೆಯದನ್ನು ಮುಟ್ಟಿ ಕಪ್ಪು ನೀರು ಅಲುಗಾಡದೆ ನಿಂತಿತ್ತು, ಆಗಷ್ಟೇ ಅಷ್ಟು ದೊಡ್ಡ ತುಂಡು ಬಿದ್ದಿದ್ದರೂ.

ಶಾಂಭವಿ ಹೊರಗೆ ಕಟ್ಟೆಯ ಮೇಲೆ ಕುಳಿತು ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿ ಹಾಕುತ್ತಿದ್ದಳು. ಹೆಸರಿಲ್ಲದ ಸಾಲುಗಳು, ರಾತ್ರಿ ಮನೆಗೆ ಹೋಗಿ ಬರೆದ "ಏಳ್ರಿ" ಸೇರಿ, ಒಟ್ಟು ನಾಲ್ಕು. ಮೊದಲನೆಯದು ಜುಲೈಯದು, ಅಮರಯ್ಯ ಆ ಮೇಜಿಗೆ ಬರುವುದಕ್ಕೆ ಒಂದು ವಾರ ಮುಂಚಿನದು. "ಗೌಂಡಿನ್ನ ಕರಸ್ರಿ" ಎಂದಷ್ಟೇ ಇತ್ತು.

"ಟೈಲ್ ಅಲಗಾಡಿದ್ದು ಇದರ ಮುಂಚೇನೋ, ಆಮ್ಯಾಲೋ?" ಎಂದು ಅವಳು ಸಪ್ನಾಳನ್ನು ಕೇಳಿದಳು.

ಸಪ್ನಾ ತಲೆಯಲ್ಲಾಡಿಸಿದಳು. "ಗೊತ್ತಿಲ್ಲ. ಕಾಕಾಗ ಫೋನ್ ಮಾಡಬೇಕು ಅಂತ ಅನಿಸ್ತು, ಅಷ್ಟ ನೆನಪದ."

ಬಂಗಲೆಯ ಯಜಮಾನ ಬಂದು ಕೂಗಾಡಿದ. ಮತ್ತೆ ಮುಚ್ಚುವ ಮಾತೆತ್ತಿದಾಗ ಸಪ್ನಾ ಒಪ್ಪಲಿಲ್ಲ. ಅಮರಯ್ಯ ಒಂಬತ್ತು ದಿನ ದುಡಿದು ಬಾವಿಯ ಸುತ್ತ ಎದೆಯೆತ್ತರದ ಕಟ್ಟೆ ಕಟ್ಟಿದ, ಮೇಲೆ ಕಬ್ಬಿಣದ ಜಾಲರಿ ಕೂರಿಸಿದ. ಕೊನೆಯ ದಿನ ಗುರುಬಾಯಿ ಬಂದಳು. ಹಸಿರು ಬಳೆ, ಕುಪ್ಪಸದ ಕಣ, ಅರಿಶಿನ, ಕುಂಕುಮ, ಐದು ಮುಟಿಗೆ ಅಕ್ಕಿ ಇಟ್ಟು ಗಂಗವ್ವನಿಗೆ ಉಡಿ ತುಂಬಿದಳು. ಆಟದ ಡಬ್ಬಿಗಳ ನಡುವೆ ನಿಂತು ಸಪ್ನಾ, ಶಾಂಭವಿ ಇಬ್ಬರೂ ಕೈಮುಗಿದರು. ಆ ಅಂಗಡಿಯಲ್ಲಿ ಮೇಜುಗಳು ಈಗ ಮುಂಬದಿಗೆ ಮಾತ್ರ ಇವೆ. ಭಾನುವಾರದ ಆಟವೂ ನಡೆಯುತ್ತದೆ. ನೋಟ್‌ಬುಕ್ಕಿನಲ್ಲಿ ಎಲ್ಲ ಸಾಲಿಗೂ ಹೆಸರಿದೆ. ಸಪ್ನಾ ಕಾಕಾನೊಡನೆ ಮೊದಲಿನಂತೆ ಮಾತಾಡಲು ದೀಪಾವಳಿಯವರೆಗೆ ಹಿಡಿಯಿತು.

ಆದರೆ ಅಮರಯ್ಯನ ಪಾಲಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಮೂವತ್ತೇಳು ವರ್ಷದಲ್ಲಿ ಅವನು ಮುಚ್ಚಿದ ಬಾವಿ ಅದೊಂದೇ ಅಲ್ಲ, ಇನ್ನೆರಡಿದ್ದವು. ಒಂದು ಲಿಂಗಂಪಲ್ಲಿಯದು. ಹೋಗಿ ನೋಡಿದ. ಆ ಜಾಗವನ್ನು ಅಗೆದು ಎರಡು ಅಂತಸ್ತಿನ ನೆಲಮಾಳಿಗೆ ಮಾಡಿದ್ದರು. ಬಾವಿಯ ಸುಳಿವೂ ಉಳಿದಿರಲಿಲ್ಲ. ಇನ್ನೊಂದು ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನದು. ಎರಡು ಸಲ ವಾಚ್‌ಮನ್ ಗೇಟಿನಿಂದಲೇ ವಾಪಸು ಕಳಿಸಿದ. ಮೂರನೆಯ ಸಲ ಶಾಂಭವಿಯನ್ನು ಜೊತೆಗೆ ಕರೆದುಕೊಂಡು ಹೋದ. ಅಲ್ಲಿಯ ಸೆಕ್ರೆಟರಿ ವೀರಭದ್ರಪ್ಪ ಎಂಬ ನಿವೃತ್ತ ನೌಕರ, ರಾಯಚೂರಿನವರು. ನಾಲ್ಕನೆಯ ಮಹಡಿಯ ತಮ್ಮ ಮನೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಅಮರಯ್ಯ ಹೇಳಿದ್ದನ್ನು ಪೂರ್ತಿ ಕೇಳಿದರು.

"ಹಂಗೇನಿಲ್ಲ ಬಿಡ್ರಿ" ಎಂದರು ಕೊನೆಗೆ. "ನಮ್ಮ ಪ್ಲಾನಿನ್ಯಾಗ ಬಾವಿ ಇಲ್ಲ. ಇದನ್ನ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ" ಎಂದ ಅಮರಯ್ಯ. "ಮುಚ್ಚಿದಾಂವ ನಾನ."

ವೀರಭದ್ರಪ್ಪ ಕಪ್ಪನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿದರು. "ನಡೀರಿ. ಎಲ್ಲಿ ಅಂತ ತೋರಸ್ರಿ" ಎಂದು ಲಿಫ್ಟಿನ ಗುಂಡಿ ಒತ್ತಿದರು.